ಕವಳಿಯ ಕಂಟಿ

ಬಿರುಬೇಸಿಗೆಯಲ್ಲಿ ನಡೆಯುವ ಹುಲಿಗೆಮ್ಮನ ಜಾತ್ರೆಗೆಂದು ಮುನಿರಾಬಾದಿನ ನಿಲ್ದಾಣದಲ್ಲಿ ಇಳಿದು ತುಂಗಭದ್ರೆಯ ದಡದತ್ತ ನಡೆಯುವ ಯಾತ್ರಿಕರು, ಕಾಯಿ ಕರ್ಪೂರ ಭಂಡಾರಗಳ ಅಂಗಡಿಸಾಲಿನ ಅಂಚಿನಲ್ಲಿ, ಗೋಣಿತಟ್ಟಿನ ಮೇಲೆ ಸುರುವಿಕೊಂಡು ಗಿದ್ನದಿಂದ ಅಳೆದು ಮಾರುವ ಕಡುಗಪ್ಪು ಹಣ್ಣನ್ನು ಕಂಡಿರಲಿಕ್ಕೆ ಸಾಕು. ಅದೇ ಕವಳಿ, ಮರಾಠಿಗರ ಕರವಂದ, ಸಂಸ್ಕೃತದ ಕರಮರ್ದ.

ಯಾರೂ ಬಿತ್ತದೆ ಕಲ್ಲುಗುಡ್ಡದಲ್ಲಿ ಬೆಳೆದ ಈ ಕಂಟಿಯ ಚರಿತ್ರೆಯು ಹಣ್ಣಿನಷ್ಟೇ ಮುಳ್ಳಿನದೂ ಆಗಿದೆ. ಸುಶ್ರುತ ಸಂಹಿತೆಯು ಇದನ್ನು ಹುಳಿಹಣ್ಣುಗಳ ಸಾಲಿನಲ್ಲಿ ಹೆಸರಿಸಿದುದಲ್ಲದೆ, ನೆಗ್ಗಿಲು, ಶತಾವರಿ ಮೊದಲಾದವುಗಳೊಡನೆ ಕಂಟಕ ಪಂಚಮೂಲದಲ್ಲಿಯೂ ಸೇರಿಸಿತು. 1767ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸನು ಇದಕ್ಕೆ ಕರಂಡಾಸ್ ಎಂಬ ನಾಮಧೇಯವನ್ನಿತ್ತನು. ಮುಂದೆ ಉತ್ತರ ಹಿಂದುಸ್ಥಾನದಲ್ಲಿ ಉಪ್ಪಿನ ಕಳ್ಳಸಾಗಣೆಯನ್ನು ತಡೆಯಲೆಂದು ಆಂಗ್ಲ ಸರಕಾರವು ಸುಂಕದ ಗಡಿಗುಂಟ ನೂರಾರು ಮೈಲಿ ಬೆಳೆಸಿದ ಹಸುರುಬೇಲಿಯಲ್ಲಿ ಜಾಲಿ, ಬಾರಿ, ಕಳ್ಳಿಗಳ ಜೊತೆಗೆ ಕವಳಿಯೂ ಕಾವಲು ನಿಂತಿತು. 1879ರಲ್ಲಿ ಆ ಗಡಿಯೇ ರದ್ದಾಯಿತು. ಉಪ್ಪನ್ನು ತಡೆಯಲು ನಿಂತ ಗಿಡದ ಕಾಯಿಯನ್ನು ನಮ್ಮ ಹೆಂಗಸರು ಉಪ್ಪಿನಲ್ಲಿಯೇ ಅದ್ದಿಡುತ್ತಾರೆಂಬುದು ಆ ಸಾಹೇಬರಿಗೆ ತಿಳಿದಿತ್ತೋ ಇಲ್ಲವೋ!

ಎಳೆಯ ಕಾಯಿಯನ್ನು ಕಿತ್ತೊಡನೆ ತೊಟ್ಟಿನಿಂದ ಬಿಳಿಯ ಹಾಲು ಜಿನುಗಿ, ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದುದರಿಂದ ಕೈಗೆ ಎಣ್ಣೆ ಸವರಿಕೊಂಡು, ಕಾಯಿಗಳನ್ನು ಉಪ್ಪುನೀರಿನಲ್ಲಿ ಎರಡು ಸಲ ತೊಳೆದು, ಗುಂಡುಕಲ್ಲಿನಿಂದ ಒಂದೊಂದನ್ನೇ ಮೆಲ್ಲಗೆ ಜಜ್ಜಿ ಬೀಜ ತೆಗೆದು, ಅರಿಶಿನ, ಮೆಂತ್ಯ, ಖಾರದಪುಡಿ ಬೆರೆಸಿ ಭರಣಿಯಲ್ಲಿ ತುಂಬುವರು. ಖಟಿ ರೊಟ್ಟಿಯೊಡನೆ ಅದರ ರುಚಿಯನ್ನು ನಾಲಗೆಯೇ ಬಲ್ಲದು. ಹುಣಸೆ ತುಟ್ಟಿಯಾದ ವರ್ಷ ಬೇಳೆಗೂ ಇದೇ ಹುಳಿ.

ಬೆಳೆಸುವ ಮನಸ್ಸುಳ್ಳವರು ಬಲಿತ ಹಣ್ಣಿನ ಬೀಜವನ್ನು ತಡಮಾಡದೆ ಊರತಕ್ಕದ್ದು, ಒಣಗಿಸಿಟ್ಟರೆ ಅದರ ಜೀವ ಬೇಗನೆ ಹೋಗುತ್ತದೆ. ಮರುವರ್ಷದ ಮಳೆಗಾಲದಲ್ಲಿ ಸಸಿಗಳನ್ನು ಹೊಲದ ಬದುವಿನ ಮೇಲೆ ಎರಡು ಮೊಳಕ್ಕೊಂದರಂತೆ ನೆಟ್ಟರೆ, ಮೂರನೆಯ ವರ್ಷದ ಸುಮಾರಿಗೆ ಕಾಯಿ ಹಿಡಿಯುವುದು, ದನವೂ ನುಸುಳಲಾರದು. ತಂತಿಬೇಲಿಗೆ ಸಾಲ ಮಾಡುವ ರೈತನಿಗೆ ಇದನ್ನು ಹೇಳಿದರೆ ನಗುತ್ತಾನೆ, ಕಾಡಿನ ಗಿಡಕ್ಕೆ ಮರ್ಯಾದೆ ಕಡಿಮೆ.

ಹಣ್ಣು ಬಿಡಿಸುವ ಹೆಂಗಸರು ಹೊತ್ತು ಮೂಡುವ ಮೊದಲೇ ಗುಡ್ಡವೇರುತ್ತಾರೆ. ಜೋಡಿಮುಳ್ಳಿನ ಗೀರುಗಳು ಅವರ ಮೊಣಕೈವರೆಗೂ ಇರುತ್ತವೆ. ನಾವು ಬಾಲ್ಯದಲ್ಲಿ ಅವರೆದುರು ಕುಳಿತು, ಕೊಸರಾಗಿ ದೊರೆತ ಹಣ್ಣನ್ನು ಕಚ್ಚಿ, ತಿರುಳು ಕೆಂಪಾಗಿದ್ದರೆ ಹುಂಜ, ಬೆಳ್ಳಗಿದ್ದರೆ ಹ್ಯಾಟಿ ಎಂದು ಪಂದ್ಯ ಕಟ್ಟುತ್ತಿದ್ದೆವು. ಸೋತವನು ತನ್ನ ಪಾಲಿನ ಹಣ್ಣನ್ನೆಲ್ಲ ಕೊಟ್ಟುಬಿಡಬೇಕಾಗಿತ್ತು. ಅಷ್ಟರೊಳಗೆ ತಿಂದು ಮುಗಿಸಿರುತ್ತಿದ್ದನೆಂಬುದು ಬೇರೆ ಮಾತು.