ಮುಂಬಯಿಯಲ್ಲಿ ಮೂಡಿದ ಪುರಾಣಮುಖಗಳು

ಗೋಡೆಯ ಮೇಲಿನ ಕ್ಯಾಲೆಂಡರನ್ನು ಚಿತ್ರಕಲೆಯೆಂದು ಗಣಿಸುವವರು ಕಡಿಮೆ. ಆದರೆ ದೇವರ ಮುಖ ಹೇಗಿರುತ್ತದೆಂದು ನಮಗೆ ಬಾಲ್ಯದಲ್ಲಿ ಕಲಿಸಿದ್ದು ಅದೇ ಅಲ್ಲವೆ? ನಿಪ್ಪಾಣಿ ಸೀಮೆಯ ಭೋಜವನ್ನು ನೋಡಿ. ಒಂದು ಮಗ್ಗುಲಿಗೆ ಕೊಲ್ಲಾಪುರ, ಇನ್ನೊಂದು ಮಗ್ಗುಲಿಗೆ ಚಿಕ್ಕೋಡಿ. ಇಂಥ ಗಡಿಯೂರುಗಳಲ್ಲಿ ಕ್ಯಾಲೆಂಡರಿನ ಕೆಳಗಿನ ತಾರೀಖುಗಳು ಒಂದು ಮನೆಯಲ್ಲಿ ಮರಾಠಿ, ನೆರೆಮನೆಯಲ್ಲಿ ಕನ್ನಡ. ಮೇಲಿನ ರಾಧಾಕೃಷ್ಣರಿಗೆ ಮಾತ್ರ ಆ ಭೇದವಿಲ್ಲ.

ಅಂಥ ಚಿತ್ರಗಳನ್ನು ಬರೆದು ದೇಶಕ್ಕೆಲ್ಲ ಪರಿಚಿತರಾದವರಲ್ಲಿ ಒಬ್ಬರು ನಮ್ಮ ಗುಲ್ಬರ್ಗದವರು: ಎಸ್. ಎಂ. ಪಂಡಿತರು. 1916ರಲ್ಲಿ, ಗುಲ್ಬರ್ಗವು ನಿಜಾಮರ ರಾಜ್ಯದಲ್ಲಿದ್ದಾಗ, ಹುಟ್ಟಿದರು. ಮದರಾಸಿನಲ್ಲಿ ಕಲಿತು, ಮುಂಬಯಿಗೆ ಬಂದು, ಹೆಸರೇ ಹೇಳುವಂತೆ ಕನ್ನಡಿಗರಾದ ದಂಡಾವತಿಮಠರ ನೂತನ ಕಲಾ ಮಂದಿರದಲ್ಲೂ ಜೆ. ಜೆ. ಕಲಾಶಾಲೆಯಲ್ಲೂ ಅಭ್ಯಾಸ ಮಾಡಿದರು. ಹೊಟ್ಟೆಪಾಡಿಗೆ ಒದಗಿದ್ದು ಸಿನಿಮಾ. ಹಾಲಿವುಡ್ಡಿನ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಕಂಪನಿಯ ಚಿತ್ರಗಳಿಗೆ ಷೋಕಾರ್ಡು ಬರೆದರು. ಮುಂದೆ ತಮ್ಮದೇ ಸ್ಟುಡಿಯೋ ತೆರೆದರು.

ಈ ಷೋಕಾರ್ಡಿನ ಕೆಲಸವೇ ಅವರ ಪುರಾಣಚಿತ್ರಗಳ ಗುಟ್ಟು ಎಂದು ನನ್ನ ಎಣಿಕೆ. ಬೀದಿಯಲ್ಲಿ ಅವಸರದಿಂದ ಹೋಗುವವನನ್ನು ತಡೆದು ನಿಲ್ಲಿಸಬೇಕು. ಅದಕ್ಕೆ ಮುಖ ದೊಡ್ಡದಾಗಬೇಕು, ಬೆಳಕು ಹಿಂದಿನಿಂದ ಬಂದು ಕೂದಲಂಚಿನಲ್ಲಿ ಹೊಳೆಯಬೇಕು, ಮೈಕಟ್ಟು ಉಬ್ಬಿ ಕಾಣಬೇಕು. ಅವರ ಸಾಧನ ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ. ತೈಲವರ್ಣದಂತೆ ಅದು ದಿನಗಟ್ಟಲೆ ಒದ್ದೆಯಾಗಿರುವುದಿಲ್ಲ; ಒಣಗಿದಮೇಲೆ ಮಿರುಗುವುದೂ ಇಲ್ಲ, ಹೀಗಾಗಿ ಅಚ್ಚಿಗಾಗಿ ಫೋಟೊ ತೆಗೆಯುವುದು ಸುಲಭ. ಆದರೆ ಬೇಗ ಒಣಗುವ ಬಣ್ಣದಲ್ಲಿ ಕೆನ್ನೆಯ ನಯವನ್ನು ತರುವುದಿದೆಯಲ್ಲ, ಅದು ಹುಡುಗಾಟವಲ್ಲ. ನಲ-ದಮಯಂತಿ, ವಿಶ್ವಾಮಿತ್ರ-ಮೇನಕೆಯರು ಸಿನಿಮಾದ ಈ ಬೆಳಕಿನಲ್ಲೇ ಮೈದಳೆದರು.

ದೇವತೆಗಳು ನಟನಟಿಯರಾದರೆಂದು ಮೂಗು ಮುರಿದವರುಂಟು. ಹಾಗೆ ನೋಡಿದರೆ, 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿದ ರವಿವರ್ಮನೂ ಪುರಾಣಸ್ತ್ರೀಯರಿಗೆ ಮರಾಠಿ ಹೆಂಗಸರ ಸೀರೆ ಉಡಿಸಿದವನೇ. ಪಂಡಿತರ ಮೇನಕೆ ಯಾವ ಊರಿನ ಸೀರೆಯನ್ನೂ ಉಟ್ಟವಳಲ್ಲ. ಊರು ಬಿಟ್ಟು ಬಂದವನು, ನಾನಾ ಭಾಷೆಯ ಗಿರಾಕಿಗಳ ಪೇಟೆಯಲ್ಲಿ ಕುಳಿತು, ಎಲ್ಲರಿಗೂ ಸಲ್ಲುವ ಮುಖವನ್ನು ಹುಡುಕಿದ.

ಈ ಹುಡುಕಾಟದಲ್ಲಿ ನಷ್ಟವೇನೂ ಆಗಲಿಲ್ಲವೆಂದು ನಾನು ಹೇಳಲಾರೆ. ಭೋಜದ ಸೀಮೆಯಲ್ಲೇ, ರಾಯಬಾಗದ ಹತ್ತಿರ, ಚಿಂಚಲಿಯ ಮಾಯಕ್ಕನಿದ್ದಾಳೆ. ಅವಳ ಜಾತ್ರೆಗೂ ಕನ್ನಡಿಗರು ಬರುತ್ತಾರೆ, ಮರಾಠಿಗರೂ ಬರುತ್ತಾರೆ. ಇಬ್ಬರನ್ನೂ ಕರೆಯಲು ಅವಳು ತನ್ನ ಮುಖವನ್ನು ಬದಲಿಸಿಕೊಳ್ಳಬೇಕಾಗಲಿಲ್ಲ. ಕ್ಯಾಲೆಂಡರಿನ ಚೆಲುವು ಕಣ್ಣಿಗೆ ರೂಢಿಯಾದಂತೆ, ಇಂಥ ಊರದೇವತೆಗಳ ಒರಟು ತೇಜಸ್ಸು ಕೆಲವರಿಗೆ ಸೊಗಸದಾಯಿತು. ಇದರ ಹೊಣೆ ಚಿತ್ರಕಾರನಿಗಿಂತ ನೋಡುವವರದೇ ಹೆಚ್ಚು.

ಪಂಡಿತರು ಕಾಳಿಯ ಉಪಾಸಕರು. 1960ರ ದಶಕದ ಕೊನೆಯ ಹೊತ್ತಿಗೆ, ಕೈತುಂಬ ಇದ್ದ ಜಾಹೀರಾತಿನ ಕೆಲಸವನ್ನು ಬಿಟ್ಟು ಗುಲ್ಬರ್ಗಕ್ಕೆ ಮರಳಿದರು; 1993ರಲ್ಲಿ ತೀರಿಕೊಂಡರು. ಈಗ ಕಲಬುರಗಿಯೆನಿಸಿರುವ ಆ ಊರಿನಲ್ಲಿ ರಂಗಮಂದಿರಕ್ಕೆ ಅವರ ಹೆಸರಿದೆ.

ಅವರ ಕೆಲಸದ ಬಹುಭಾಗವಾದರೋ ವರ್ಷ ಮುಗಿದೊಡನೆ ಮೊಳೆಯಿಂದಿಳಿದ ಕಾಗದ. ನಿಮ್ಮ ಮನೆಯ ಹಳೆಯ ಟ್ರಂಕಿನ ತಳಕ್ಕೆ ಹಾಸಿದ ಚಿತ್ರವೊಂದಿದ್ದರೆ, ರದ್ದಿಗೆ ಹಾಕುವ ಮುನ್ನ ಮೂಲೆಯ ರುಜುವನ್ನೊಮ್ಮೆ ನೋಡಿ.