ತಗಡಿನ ಮಾಡಿಗೆ ನೊರೆಯ ಹೊದಿಕೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹಲವರು ಹೋಟೆಲಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮಲಗುವವರು. ಅಂಥ ಒಂದು ಶೆಡ್ಡಿನ ಮಾಡಿಗೆ ಒಳಗಿನಿಂದ ನೊರೆ ಸಿಂಪಡಿಸಲು ಮಾಲಿಕರು ಯೋಚಿಸಿದ್ದಾರೆ, ಇದು ಒಳ್ಳೆಯದೋ ಎಂದು ಅಲ್ಲಿಯ ಹುಡುಗರು ನನ್ನನ್ನು ಕೇಳಿದರು. ಈ ಕೆಲಸವನ್ನು ಕೈಯಾರೆ ಮಾಡಿದವನಾದುದರಿಂದ ನಾಲ್ಕು ಮಾತು ಅರಿಕೆ ಮಾಡುತ್ತೇನೆ.

ವಸ್ತುವಿನ ಹೆಸರು ಪಾಲಿಯುರಿಥೇನ್. 1937ರಲ್ಲಿ ಜರ್ಮನಿಯ ಒಟ್ಟೋ ಬಾಯರ್ ಮತ್ತು ಸಂಗಡಿಗರು ಇದರ ರಸಾಯನವನ್ನು ಕಂಡುಹಿಡಿದರು. ಎರಡು ದ್ರವಗಳು ಪಿಚಕಾರಿಯ ಮೂತಿಯಲ್ಲಿ ಕೂಡಿ, ಉಬ್ಬಿ, ಗಟ್ಟಿಯಾಗುತ್ತವೆ. ಇಡ್ಲಿ ಹಿಟ್ಟಿನಂತೆ ರಾತ್ರಿಯಿಡೀ ಕಾಯಬೇಕಿಲ್ಲ! ಅಮೆರಿಕದಂಥ ಚಳಿದೇಶಗಳಲ್ಲಿ ಬಿಸಿಯ ಏರ್ಪಾಡಿಲ್ಲದ ಗ್ಯಾರೇಜು, ಉಗ್ರಾಣಗಳಿಗೆ ಇದನ್ನು ಬಳಿಯುತ್ತಾರೆ. ನೊರೆ ತಾನಾಗಿ ಬೆಚ್ಚಗೂ ಮಾಡದು, ತಣ್ಣಗೂ ಮಾಡದು. ಶಾಖ ದಾಟುವುದನ್ನು ತಡೆಯುತ್ತದೆ, ಅಷ್ಟೆ. ಅಲ್ಲಿ ತಣ್ಣನೆಯ ತಗಡಿಗೆ ಒಳಗಿನ ಹಬೆ ತಾಗಿ ನೀರು ತೊಟ್ಟಿಕ್ಕುವುದು ನಿಲ್ಲುತ್ತದೆ. ನಮ್ಮ ಮುಂಬಯಿಯಲ್ಲಿ ಮಧ್ಯಾಹ್ನದ ಝಳ ಕಡಿಮೆಯಾಗುತ್ತದೆ. ಆದರೆ ಒಳಗೇ ಒಲೆಯಿದ್ದರೆ ಅದರ ಕಾವನ್ನೂ ಹೊರಗೆ ಬಿಡದು. ಆದುದರಿಂದ ಗಾಳಿಕಿಂಡಿ ಮೊದಲು.

ಇದರಲ್ಲಿ ಎರಡು ಜಾತಿ. ತೆರೆದ ಕಣದ ನೊರೆ ಘನಮೀಟರಿಗೆ ಸುಮಾರು 8 ಕಿಲೋ. ಅಗ್ಗ, ಆದರೆ ಸ್ಪಂಜಿನಂತೆ ನೀರು ಕುಡಿಯುತ್ತದೆ. ಮುಚ್ಚಿದ ಕಣದ್ದು ಸುಮಾರು 32 ಕಿಲೋ. ದುಬಾರಿ, ಅಷ್ಟೇ ದಪ್ಪಕ್ಕೆ ಒಂದೂವರೆ ಪಟ್ಟಿಗೂ ಹೆಚ್ಚು ಶಾಖ ತಡೆಯುತ್ತದೆ. ನಮ್ಮ ಮಳೆಗೆ ಇದೇ ಸರಿ. ತಗಡಿನ ತೂತುಗಳನ್ನು ಮೊದಲೇ ಮುಚ್ಚಿಸಬೇಕು.

ಸಿಂಪಡಿಸುವಾಗ ಏಳುವ ಐಸೊಸಯನೇಟ್ ಆವಿ ಉಬ್ಬಸ ತರಬಲ್ಲುದು. ಹತ್ತಿಯ ಧೂಳು ಕುಡಿದ ಗಿರಣಿಯ ಹಿರಿಯರಿಗೆ ಉಬ್ಬಸವೆಂದರೇನೆಂದು ನಾನು ಹೇಳಬೇಕೆ? ತಯಾರಕರು ಹೇಳಿದಷ್ಟು ಹೊತ್ತು ಯಾರೂ ಒಳಗಿರಕೂಡದು.

ಇನ್ನು ಬೆಂಕಿಯ ಮಾತು. ಈ ನೊರೆ ಉರಿಯುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಎಂಬ ವಿಷಗಳಿರುತ್ತವೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಕ್ಲಬ್ಬಿನಲ್ಲಿ, ಸದ್ದಡಗಿಸಲು ಗೋಡೆಗೆ ಅಂಟಿಸಿದ್ದ ಇದೇ ಕುಲದ ನೊರೆಗೆ ಬಾಣಬಿರುಸಿನ ಕಿಡಿ ತಾಗಿತು. ಸತ್ತವರು 100 ಜನ. ಅಲ್ಲಿಯ ವಾಸದ ಮನೆಗಳ ನಿಯಮಾವಳಿಯಲ್ಲಿ ನೊರೆಯನ್ನು ಅರ್ಧ ಇಂಚಿನ ಜಿಪ್ಸಮ್ ಹಲಗೆ ಅಥವಾ ಅದಕ್ಕೆ ಸಮನಾದುದರಿಂದ ಮುಚ್ಚಬೇಕೆಂದಿದೆ. ನಾನು ಕಂಡ ಅಂದಾಜುಪಟ್ಟಿಗಳಲ್ಲಿ ನೊರೆಯ ಲೆಕ್ಕ ಇರುತ್ತದೆ, ಹಲಗೆಯದು ಇರುವುದಿಲ್ಲ.

ಆ ಹುಡುಗರ ಶೆಡ್ಡಿಗೆ ಒಂದೇ ಬಾಗಿಲು, ಅದೂ ಅಡುಗೆಮನೆಯ ಮೂಲಕ. ಅಲ್ಲಿ ನೊರೆ ಬೇಡವೆಂದೇ ನನ್ನ ಅಭಿಪ್ರಾಯ. ತಗಡಿನ ಮೇಲೆ ಬಿಳಿ ಸುಣ್ಣ ಬಳಿಸಿ, ಉಳಿದ ಹಣದಲ್ಲಿ ಎರಡನೆಯ ಬಾಗಿಲು ತೆಗೆಸಲಿ. ಮಾಲಿಕರನ್ನು ಕಾಣಲು ನಾಳೆ ಕಾರ್ಯದರ್ಶಿಗಳೊಡನೆ ನಾನೂ ಬರುತ್ತೇನೆ.