ಕಳೆದ ಸದ್ದು ಮರಳಿ ಬಂದಾಗ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ಈ ಸಂಜೆ ನಾವು ಬೋನಸ್ಸಿನ ವಿಷಯ ಎತ್ತುವುದಿಲ್ಲ, ತೆರಿಗೆಯ ವಿಷಯವನ್ನೂ ಎತ್ತುವುದಿಲ್ಲ. ಅವೆರಡೂ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ವಾರವೂ ನಮ್ಮ ಜೊತೆಗೇ ಇರುತ್ತವೆ. ಇಂದು ಕಿವಿಯ ಮಾತು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲ. ನಾಲ್ಕನೆಯ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಉಳಿದ ಹುಡುಗರು ನಕ್ಕಾಗ ಮಾತ್ರ ತಾನೂ ನಗುತ್ತಿದ್ದ. ಇದು ಸೊಕ್ಕು ಎಂದು ನಾವು ತಿಳಿದೆವು. ಹೊಡೆಯಬಾರದೆಂದು ಕಾಯಿದೆ ಇದ್ದರೂ ಬೆತ್ತ ಹಿಡಿದೆವು, ಒಂದು ಸಲವಲ್ಲ, ಹಲವು ಸಲ. ಕೊನೆಗೆ ಒಂದು ದಿನ ಅವನ ತಾಯಿ ಬಾಗಿಲಿಗೆ ಬಂದು ನಿಂತಳು. “ಹೊಡಿಬ್ಯಾಡ್ರಿ ಮಾಸ್ತರ್ರೇ, ಅವನಿಗೆ ಕಿವಿ ಕೇಳಂಗಿಲ್ಲ. ಹೇಳಿದ್ರೆ ಸಾಲಿ ಬಿಡಿಸ್ತೀರೇನೋ ಅಂತ ಹೇಳಿರಲಿಲ್ಲ” ಎಂದಳು. ಆ ಹುಡುಗನಿಗೆ ಕಿವಿ ಕೇಳುತ್ತಿರಲಿಲ್ಲ, ಸರಿ. ಆದರೆ ಎರಡೂ ಕಿವಿ ಚೆನ್ನಾಗಿದ್ದ ನಮಗೆ ಏನಾಗಿತ್ತು? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅಂದಿನಿಂದ ಕಿವಿಯ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆವು. ಅದರಲ್ಲಿ ನಿಮಗೆ ಉಪಯೋಗವಾಗುವಷ್ಟನ್ನು ಇಂದು ಹೇಳುತ್ತೇವೆ.

ಹೊರಗೆ ಕಾಣುವ ಕಿವಿ ಬರಿಯ ಬಾಗಿಲು. ಕೆಲಸ ನಡೆಯುವುದು ಒಳಗಿನ ಕೋಣೆಯಲ್ಲಿ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ಬಟಾಣಿ ಕಾಳಿನಷ್ಟು ಸಣ್ಣ ಅಂಗವೊಂದಿದೆ. ಅದರ ಹೆಸರು ಕಾಕ್ಲಿಯಾ. ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು 35 ಮಿಲಿಮೀಟರ್. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು ಸಾಲಾಗಿ ನಿಂತಿವೆ. ಹಾರ್ಮೋನಿಯಮ್ಮಿನ ಮನೆಗಳ ಹಾಗೆ ಇಲ್ಲಿಯೂ ಒಂದೊಂದು ಸ್ವರಕ್ಕೆ ಒಂದೊಂದು ಜಾಗ: ಬುಡದಲ್ಲಿ ಏರು ಸ್ವರ, ತುದಿಯಲ್ಲಿ ತಗ್ಗು ಸ್ವರ. ಸದ್ದಿನ ಅಲುಗಾಟವನ್ನು ಈ ಕೋಶಗಳು ವಿದ್ಯುತ್ತಿನ ಸಂದೇಶವಾಗಿ ಮಾರ್ಪಡಿಸಿ ನರಕ್ಕೆ ಒಪ್ಪಿಸುತ್ತವೆ. ನರ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ.

ಕೆಟ್ಟ ಜ್ವರ, ಮಿದುಳಿನ ಪೊರೆಯ ಬಾವು, ಕೆಲವು ಔಷಧಿ, ತಲೆಗೆ ಬಿದ್ದ ಪೆಟ್ಟು, ಮುಪ್ಪು, ಎಡೆಬಿಡದ ಗದ್ದಲ, ಇವುಗಳಿಂದ ರೋಮಕೋಶಗಳು ಸಾಯುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಸ್ವಲ್ಪ ಉಳಿದಿದ್ದರೆ ಕಿವಿಗೆ ಹಾಕುವ ಮಿಷನ್ ಸದ್ದನ್ನು ದೊಡ್ಡದು ಮಾಡಿ ಕೊಡುತ್ತದೆ. ಬಹುಪಾಲು ಸತ್ತಿದ್ದರೆ ಎಷ್ಟು ದೊಡ್ಡದು ಮಾಡಿದರೂ ವ್ಯರ್ಥ. ಯಾರೂ ಇಲ್ಲದ ಮನೆಯ ಬಾಗಿಲು ಬಡಿದ ಹಾಗೆ. ಇಂಥವರಿಗಾಗಿ ಬಂದದ್ದು ಕಾಕ್ಲಿಯರ್ ಇಂಪ್ಲಾಂಟ್. ಇದು ಸತ್ತ ಕೋಶಗಳನ್ನು ಎಬ್ಬಿಸುವುದಿಲ್ಲ. ಅವುಗಳನ್ನು ಬಿಟ್ಟು, ನೇರವಾಗಿ ನರದ ಹತ್ತಿರಕ್ಕೇ ಹೋಗುತ್ತದೆ. ಕಿವಿಯ ಹಿಂದೆ ಮೈಕು ಮತ್ತು ಸಣ್ಣ ಗಣಕ. ಚರ್ಮದ ಮೇಲೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಬಿಲ್ಲೆ. ಚರ್ಮದ ಒಳಗೆ ಶಸ್ತ್ರಕ್ರಿಯೆಯಿಂದ ಕೂರಿಸಿದ ಇನ್ನೊಂದು ಭಾಗ. ಅಲ್ಲಿಂದ ಕಾಕ್ಲಿಯಾದ ಸುತ್ತಿನೊಳಗೆ ತೂರಿಸಿದ ಎಳೆಯಂಥ ತಂತಿ. ಇಂದಿನ ಯಂತ್ರಗಳಲ್ಲಿ ಆ ತಂತಿಯ ಮೇಲೆ ಸಾಮಾನ್ಯವಾಗಿ 12ರಿಂದ 22 ವಿದ್ಯುತ್ ಬಿಂದುಗಳು ಇರುತ್ತವೆ. ಲೆಕ್ಕ ಹಾಕಿ ನೋಡಿ: 15 ಸಾವಿರ ಆಳು ಮಾಡುತ್ತಿದ್ದ ಕೆಲಸವನ್ನು 22 ಆಳಿಗೆ ವಹಿಸಿದಂತೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವಿದ್ಯುತ್ತಿನಿಂದ ಕಿವಿಯಲ್ಲಿ ಸದ್ದು ಹುಟ್ಟಿಸಬಹುದೆಂದು ಮೊದಲು ಕಂಡವನು ಇಟಲಿಯ ವೋಲ್ಟಾ, ಬ್ಯಾಟರಿಯನ್ನು ಕಂಡುಹಿಡಿದವನು. 1800ರ ಸುಮಾರಿಗೆ ಆತ ತನ್ನ ಎರಡೂ ಕಿವಿಗಳಿಗೆ ಲೋಹದ ಕಡ್ಡಿ ಇಟ್ಟುಕೊಂಡು ವಿದ್ಯುತ್ ಹರಿಸಿಕೊಂಡ. ತಲೆಗೆ ಏಟು ಬಿದ್ದಂತಾಯಿತು, ಆಮೇಲೆ ಗಂಜಿ ಕುದಿಯುವಂಥ ಸದ್ದು ಕೇಳಿಸಿತು. ಮತ್ತೊಮ್ಮೆ ಆ ಪ್ರಯೋಗ ಬೇಡವೆಂದು ಕೈಬಿಟ್ಟ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜುರ್ನೋ ಮತ್ತು ಏರಿಯೆ ಎಂಬಿಬ್ಬರು ಪೂರ್ತಿ ಕಿವುಡನಾದ ಒಬ್ಬನ ಶ್ರವಣ ನರಕ್ಕೇ ವಿದ್ಯುತ್ ಮುಟ್ಟಿಸಿದರು. ಅವನಿಗೆ ಸದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. 1961ರಲ್ಲಿ ಅಮೆರಿಕದಲ್ಲಿ ವಿಲಿಯಂ ಹೌಸ್ ಎಂಬ ವೈದ್ಯರು ಈ ಹಾದಿಯಲ್ಲಿ ನಡೆದರು.

ಮಾತನ್ನು ಮುಟ್ಟಿಸುವ ಯತ್ನದಲ್ಲಿ ದೊಡ್ಡ ಹೆಜ್ಜೆ ಇಟ್ಟವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್. ಇವರ ತಂದೆ ಒಂದು ಸಣ್ಣ ಊರಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದರು, ಅವರಿಗೆ ಕಿವಿ ಮಂದ. ಇಲ್ಲಿ ಕೂತಿರುವ ಅಂಗಡಿಕಾರ ಮಿತ್ರರಿಗೆ ಅದರ ಕಷ್ಟ ಗೊತ್ತಾಗುತ್ತದೆ. ಗಿರಾಕಿ ಗುಟ್ಟಾಗಿ ಕೇಳುವ ಔಷಧಿಯ ಹೆಸರನ್ನು ಅಂಗಡಿಯವನು ‘ಇನ್ನೊಮ್ಮೆ ಗಟ್ಟಿಯಾಗಿ ಹೇಳಿ’ ಎನ್ನಬೇಕಾದರೆ ಇಬ್ಬರಿಗೂ ಮುಜುಗರ. ಇದನ್ನು ಕಂಡು ಬೆಳೆದ ಹುಡುಗ ಮುಂದೆ ಕಿವಿಯ ವೈದ್ಯನಾದ. ಈ ಯಂತ್ರ ಸಾಧ್ಯವೇ ಇಲ್ಲವೆಂದು ಬಲ್ಲವರೇ ಹೇಳುತ್ತಿದ್ದ ದಿನಗಳವು. ಸಂಶೋಧನೆಗೆ ಹಣ ಸಾಲದಾಯಿತು. 1970ರ ದಶಕದಲ್ಲಿ ದೂರದರ್ಶನದ ಮೂಲಕ ಸಾರ್ವಜನಿಕರಿಂದ ಚಂದಾ ಎತ್ತಲಾಯಿತು. ಪ್ರಾಧ್ಯಾಪಕರೇ ಬೀದಿಯಲ್ಲಿ ಡಬ್ಬಿ ಅಲುಗಾಡಿಸಿದರು. ಮೆದು ತಂತಿಯನ್ನು ಸುತ್ತುಸುತ್ತಾದ ಚಿಪ್ಪಿನೊಳಗೆ ತೂರಿಸುವುದು ಹೇಗೆಂಬುದು ಬಹುಕಾಲ ಹೊಳೆಯಲಿಲ್ಲ. 1977ರಲ್ಲಿ ಸಮುದ್ರದ ದಡದಲ್ಲಿ ಕೂತು, ಒಂದು ಶಂಖದ ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದಾಗ ದಾರಿ ಸಿಕ್ಕಿತು: ತುದಿ ಬಳುಕುವಂತೆ, ಬುಡ ಗಟ್ಟಿಯಾಗಿರಬೇಕು. ಆ ಹುಲ್ಲಿಗೆ ಯಾರೂ ಬಿಲ್ಲು ಹಾಕಲಿಲ್ಲ.

1978ರ ಆಗಸ್ಟ್ 1ರಂದು ಮೆಲ್ಬರ್ನಿನಲ್ಲಿ ರಾಡ್ ಸಾಂಡರ್ಸ್ ಎಂಬಾತನಿಗೆ ಆ ಯಂತ್ರವನ್ನು ಕೂರಿಸಿದರು. ಆತ 46ನೆಯ ವಯಸ್ಸಿನಲ್ಲಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಕಿವಿ ಕಳೆದುಕೊಂಡವನು. ಪರೀಕ್ಷೆಯ ವೇಳೆ ಆಗಿನ ಆಸ್ಟ್ರೇಲಿಯಾದ ರಾಷ್ಟ್ರಗೀತೆಯ ಧಾಟಿಯನ್ನು ಯಂತ್ರದ ಮೂಲಕ ಕಳುಹಿಸಿದರು. ಸಾಂಡರ್ಸ್ ತಟ್ಟನೆ ಎದ್ದು ನೆಟ್ಟಗೆ ನಿಂತುಬಿಟ್ಟ! ಮುಂದೆ ತುಟಿಯನ್ನು ನೋಡದೆ ಕೇವಲ ಕೇಳಿಯೇ ಅವನು ಮಾತುಗಳನ್ನು ಗುರುತಿಸಿದ ದಿನ, ತಾನು ಪಕ್ಕದ ಕೋಣೆಗೆ ಹೋಗಿ ಸಂತೋಷದಿಂದ ಅತ್ತೆನೆಂದು ಕ್ಲಾರ್ಕ್ ಹೇಳಿಕೊಂಡಿದ್ದಾರೆ.

ಮಿತ್ರರೇ, ಕಥೆ ಇಲ್ಲಿಗೆ ಮುಗಿದರೆ ಅದು ಸಿನಿಮಾ ಆಗುತ್ತಿತ್ತು. ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

ಶಸ್ತ್ರಕ್ರಿಯೆಯಾದ ದಿನವೇ ಏನೂ ಕೇಳುವುದಿಲ್ಲ. ಗಾಯ ಮಾಯಲು ಕೆಲವು ವಾರ ಬಿಟ್ಟು ಯಂತ್ರವನ್ನು ಚಾಲೂ ಮಾಡುತ್ತಾರೆ. ಮನೆಯವರೆಲ್ಲ ಕಣ್ಣಲ್ಲಿ ನೀರು ತುಂಬಿಕೊಂಡು ಕಾದಿರುತ್ತಾರೆ. ಆದರೆ ಅನೇಕರಿಗೆ ಆ ದಿನ ಕೇಳುವುದು ಹೆಂಡತಿಯ ಧ್ವನಿಯಲ್ಲ. ಸೀಟಿಯಂಥ, ತಗಡು ಬಡಿದಂಥ, ಬೊಂಬೆ ಮಾತಾಡಿದಂಥ ಸದ್ದು. 15 ಸಾವಿರದ ಕೆಲಸವನ್ನು 22ಕ್ಕೆ ವಹಿಸಿದೆವೆಂದು ಹೇಳಿದೆವಲ್ಲ, ಅದರ ಫಲ ಇದು. ‘ಇಷ್ಟಕ್ಕಾಗಿ ತಲೆ ಕೊಯ್ಸಿಕೊಂಡೆನೇ’ ಎಂದು ಎದೆಗುಂದುವವರೂ ಉಂಟು.

ಅಮೆರಿಕದ ಲೇಖಕ ಮೈಕೆಲ್ ಕೊರೊಸ್ಟ್ ಹುಟ್ಟಿನಿಂದಲೇ ಕಿವಿ ಮಂದವಾಗಿದ್ದವರು. ಮಿಷನ್ ಹಾಕಿಕೊಂಡು ನಡೆಸುತ್ತಿದ್ದರು. 2001ರ ಜುಲೈನಲ್ಲಿ ಕೆಲವೇ ಗಂಟೆಗಳಲ್ಲಿ ಉಳಿದಿದ್ದುದೂ ಹೋಯಿತು. ಅದೇ ವರ್ಷ ಇಂಪ್ಲಾಂಟ್ ಮಾಡಿಸಿಕೊಂಡರು. ಮೊದಲಿಗೆ ಮಾತೆಲ್ಲ ಕಲಸುಮೇಲೋಗರ. ಆಗ ಅವರು ಏನು ಮಾಡಿದರು ಗೊತ್ತೇ? ಮಕ್ಕಳ ಕಥೆಯ ಧ್ವನಿಮುದ್ರಣ ಹಾಕಿಕೊಂಡು, ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿದು, ಕೇಳುತ್ತ ಓದುತ್ತ ಕೂತರು. ಓದು ಬರಹ ಚೆನ್ನಾಗಿ ಬಲ್ಲ ಬೆಳೆದ ಗಂಡಸು ಒಂದನೆಯ ತರಗತಿಗೆ ಸೇರಿಕೊಂಡ ಹಾಗೆ. ಅವರಿಗೆ ಹದಿನೈದನೆಯ ವಯಸ್ಸಿನಿಂದ ಪ್ರಿಯವಾದದ್ದು ಫ್ರಾನ್ಸಿನ ರಾವೆಲ್ 1928ರಲ್ಲಿ ರಚಿಸಿದ ‘ಬೊಲೆರೊ’ ಎಂಬ ವಾದ್ಯಸಂಗೀತ. ಇಂಪ್ಲಾಂಟಿನಿಂದ ಕೇಳಿದರೆ ಅದರ ತಾಳ ಸಿಕ್ಕಿತು, ರಾಗ ಸಿಕ್ಕಲಿಲ್ಲ. ವರ್ಷಗಟ್ಟಲೆ ಹುಡುಕಿ, ತಲೆಯೊಳಗಿನ ಯಂತ್ರವನ್ನು ಮುಟ್ಟದೆ ಹೊರಗಿನ ಗಣಕದ ಕ್ರಮವನ್ನು ಮಾತ್ರ ಬದಲಾಯಿಸಿಕೊಳ್ಳುತ್ತ, ಆ ಸಂಗೀತಕ್ಕೆ ಮೊದಲಿಗಿಂತ ಹತ್ತಿರ ಬಂದರು. ಪೂರ್ತಿ ಮರಳಿತೇ? ಇಲ್ಲ. ಇಂದಿಗೂ ಇಂಪ್ಲಾಂಟಿಗೆ ಸಂಗೀತ ಕಷ್ಟ, ಸಂತೆಯ ಗದ್ದಲದಲ್ಲಿ ಮಾತು ಹಿಡಿಯುವುದೂ ಕಷ್ಟ. ರಾತ್ರಿ ಬಿಲ್ಲೆ ತೆಗೆದಿಟ್ಟರೆ ಮತ್ತೆ ಪೂರ್ತಿ ಮೌನ.

ಆದರೆ ಬಹುಮಂದಿಗೆ ವಾರಗಳು, ತಿಂಗಳುಗಳು ಕಳೆದ ಹಾಗೆ ಒಂದು ಬದಲಾವಣೆ ಆಗುತ್ತದೆ. ಬೊಂಬೆಯ ಧ್ವನಿ ಮನುಷ್ಯನ ಧ್ವನಿಯಾಗುತ್ತ ಬರುತ್ತದೆ. ಮುಖ್ಯವಾಗಿ ಬದಲಾದದ್ದು ಯಂತ್ರವಲ್ಲ, ಮಿದುಳು ಕಲಿತುಕೊಂಡಿತು. ಕಿವಿ ಕಳೆದುಕೊಂಡು ಹೀಗೆ ಮರಳಿ ಪಡೆದವರು ದೊಡ್ಡ ದೊಡ್ಡ ಸಂಗತಿಗಳನ್ನಲ್ಲ, ಚಿಲ್ಲರೆ ಸದ್ದುಗಳನ್ನೇ ಹೆಚ್ಚಾಗಿ ನೆನೆಯುತ್ತಾರೆ: ಕಾಗದ ಮಡಚುವ ಸದ್ದು, ನಲ್ಲಿಯ ನೀರು, ಗಡಿಯಾರ, ತಮ್ಮದೇ ಹೆಜ್ಜೆ, ತಮ್ಮದೇ ಉಸಿರು. ‘ಇದೇನು ಸದ್ದು’ ಎಂದು ಮನೆಯೆಲ್ಲ ಹುಡುಕಿ, ಕೊನೆಗೆ ಫ್ರಿಜ್ಜು ಎಂದು ತಿಳಿದು ನಗುತ್ತಾರೆ. ಯಾತಕ್ಕೆಂದರೆ, ಯಾವ ಸದ್ದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂಬುದನ್ನು ನಮ್ಮ ಮಿದುಳು ಚಿಕ್ಕಂದಿನಿಂದ ಅಭ್ಯಾಸ ಮಾಡಿಕೊಂಡಿರುತ್ತದೆ. ಬಹುಕಾಲ ಮೌನದಲ್ಲಿದ್ದವರು ಆ ಅಭ್ಯಾಸವನ್ನು ಮೊದಲಿನಿಂದ ಮಾಡಬೇಕು.

ನಾವು ದಿನವೂ ಬಿಸಾಡುವ ಸದ್ದುಗಳನ್ನು ಎಣಿಸಿ ನೋಡಿ. ಕೊಡ ತುಂಬುತ್ತ ಬಂದ ಹಾಗೆ ನೀರಿನ ದನಿ ಏರುತ್ತದೆ. ಒಲೆಯ ಮುಂದಿರುವ ತಾಯಿ ತಿರುಗಿ ನೋಡದೆಯೇ ನಲ್ಲಿ ನಿಲ್ಲಿಸು ಎನ್ನುತ್ತಾಳೆ. ಒಗ್ಗರಣೆಯ ಚಟಪಟ ನಿಂತದ್ದು ಕೇಳಿಯೇ ಸಾರಿಗೆ ಹಾಕುತ್ತಾಳೆ. ಗಲ್ಲಾದ ಮೇಲೆ ಬಿದ್ದ ನಾಣ್ಯ ಖೋಟಾ ಎಂದು ಹಳೆಯ ವ್ಯಾಪಾರಿ ಸದ್ದಿನಿಂದಲೇ ಹೇಳುತ್ತಿದ್ದ. ಲಾಳಿಯ ಬಡಿತ ಒಂದಿಷ್ಟು ಬದಲಾದರೆ ನೇಕಾರನಿಗೆ ಮಗ್ಗದ ಕಾಯಿಲೆ ಗೊತ್ತಾಗುತ್ತದೆ. ಕಿವಿಯೂ ನಮ್ಮ ಕೈಯಂತೆ ದುಡಿಯುವ ಅಂಗ, ಸ್ವಾಮಿ. ಕೈಗೆ ಪೆಟ್ಟಾದರೆ ರಕ್ತ ಬರುತ್ತದೆ, ಎಲ್ಲರೂ ಓಡಿಬರುತ್ತಾರೆ. ಕಿವಿಗೆ ಆಗುವ ಪೆಟ್ಟು ರಕ್ತವಿಲ್ಲದ್ದು, ಯಾರೂ ಬರುವುದಿಲ್ಲ.

ಇದು ನಮ್ಮ ಗಿರಣಿಯ ಮಾತೂ ಹೌದು. ಮಗ್ಗಗಳ ಸಾಲಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವರ್ಷಾನುವರ್ಷ ಅಲ್ಲಿ ನಿಂತವನಿಗೆ ಮೊದಲು ಹೋಗುವುದು ಏರು ಸ್ವರ: ಹಕ್ಕಿಯ ಉಲಿ, ಮಗುವಿನ ಮಾತು, ‘ಸ’ಕಾರ ‘ತ’ಕಾರ. ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎನ್ನುತ್ತಾನೆ. ಮನೆಯವರು ‘ಬೇಕಾದದ್ದು ಮಾತ್ರ ಕೇಳಿಸುತ್ತದೆ ಇವರಿಗೆ’ ಎಂದು ಹಂಗಿಸುತ್ತಾರೆ. ಸದ್ದಿನಿಂದ ಬಂದ ಕಿವುಡನ್ನು ನಮ್ಮ ದೇಶದ ಕಾನೂನು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆದುದರಿಂದ ಕಿವಿಯ ಪರೀಕ್ಷೆ ಮಾಡಿಸಿ ಎಂದು ಕೇಳುವುದು ಭಿಕ್ಷೆಯಲ್ಲ. ಕಿವಿಗೆ ಹಾಕುವ ಬೆಣೆಯನ್ನು ಗಂಡಸುತನಕ್ಕೆ ಕುಂದೆಂದು ಎಸೆಯಬೇಡಿ. ನಿಮ್ಮಲ್ಲಿ ಹೆಚ್ಚಿನವರಿಗೆ ಇಂಪ್ಲಾಂಟ್ ಬೇಕಾಗುವುದಿಲ್ಲ. ಸಕಾಲದಲ್ಲಿ ಪರೀಕ್ಷೆ, ಬೆಣೆ, ಬೇಕಾದರೆ ಸಾದಾ ಮಿಷನ್ ಸಾಕು.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳ ಮಾತು ಬೇರೆ. ಮೊದಲ ವರ್ಷಗಳು ದಾಟಿದರೆ ಮಾತು ಕಲಿಯುವುದು ಕಷ್ಟವಾಗುತ್ತದೆ. ಅಲ್ಲಿ ಪ್ರತಿ ತಿಂಗಳಿಗೂ ಬೆಲೆಯಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಂಥ ಮಕ್ಕಳ ಪರೀಕ್ಷೆಗೂ ಶಿಕ್ಷಣಕ್ಕೂ ಅಲ್ಲಿಗೆ ಹೋಗಬಹುದು. ಯಂತ್ರದ ಬೆಲೆ ಲಕ್ಷಗಳ ಲೆಕ್ಕ. 2014ರಲ್ಲಿ ಪರಿಷ್ಕರಿಸಿದ ಕೇಂದ್ರದ ಎಡಿಪ್ ಯೋಜನೆ ಒಂದು ಮಗುವಿಗೆ 6 ಲಕ್ಷ ರೂಪಾಯಿಯವರೆಗೆ, ವರ್ಷಕ್ಕೆ 500 ಮಕ್ಕಳಿಗೆ ಎಂದು ನಿಗದಿ ಮಾಡಿತು. ಒಳ್ಳೆಯದು. ಆದರೆ ಇಷ್ಟು ದೊಡ್ಡ ದೇಶದಲ್ಲಿ 500 ಎಂದರೆ ಎಷ್ಟು? ಬೀದಿಯ ಡಬ್ಬಿಯ ಚಿಲ್ಲರೆಯೂ ಸೇರಿ ಹುಟ್ಟಿದ ಯಂತ್ರ ಬೀದಿಯವರಿಗೇ ಎಟುಕದೆ ಹೋದರೆ, ಲೆಕ್ಕ ಎಲ್ಲಿ ತಪ್ಪಿತೆಂದು ಕೇಳಬೇಕಾದವರು ನಾವೇ. ಆಮೇಲೆ ಬ್ಯಾಟರಿ, ತಂತಿ, ದುರಸ್ತಿಯ ಖರ್ಚು ವರ್ಷವರ್ಷವೂ ಉಂಟು. ಅದನ್ನು ಯಾರು ಕೊಡುವರೆಂಬುದನ್ನೂ ಕೇಳಬೇಕು.

ಇಂಪ್ಲಾಂಟ್ ಬೇಡವೆಂದು ಕೈಮಾತಿನಲ್ಲೇ ತುಂಬು ಬಾಳು ನಡೆಸುವವರೂ ಬಹಳ ಮಂದಿ ಇದ್ದಾರೆ. ಕೈಮಾತೂ ಒಂದು ಭಾಷೆಯೇ. ಅವರನ್ನು ನೋಡಿ ಮರುಗಬೇಕಾದ್ದಿಲ್ಲ. ಕಲಿಯಬಹುದಾದವರು ನಾಲ್ಕು ಮಾತು ಕಲಿಯೋಣ.

ಕೊನೆಯದಾಗಿ ಒಂದೇ ಮಾತು. ಯಂತ್ರ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧವನ್ನು ಮಾಡುವವರು ಕೇಳಲು ಕಲಿಯುತ್ತಿರುವವನೂ ಅವನ ಜೊತೆ ಮಾತಾಡುವವರೂ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ಕಿರುಚದೆ, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಬೇರೆ ಮಾತಿನಲ್ಲಿ ಹೇಳಿ. ‘ಏನಿಲ್ಲ ಬಿಡು’ ಎನ್ನಬೇಡಿ; ಕಿವಿ ಮಂದವಾದವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಮಾತು ಅದೇ. ನಾಟಕದಲ್ಲಿ ಕಿವುಡನ ಪಾತ್ರ ಬಂದಾಗ ನಾವೆಲ್ಲ ನಕ್ಕಿದ್ದೇವೆ. ಮನೆಯಲ್ಲಿ ನಗುವುದು ಬೇಡ.

ಆ ತಾಯಿ ಬಂದುಹೋದ ಮರುದಿನ ನಾವು ಹುಡುಗನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದೆವು. ಹಲಗೆಯ ಕಡೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟೆವು. ಒಂದು ತಿಂಗಳಾಗುವುದರೊಳಗೆ ಅವನು ಎದ್ದು ನಿಂತು ಏಳರ ಮಗ್ಗಿ ಹೇಳಿದ, ತಪ್ಪಿಲ್ಲದೆ. ಅದಕ್ಕೆ ಖರ್ಚಾದದ್ದು ಒಂದು ಕಾಸೂ ಇಲ್ಲ. ಅವನ ಬೆನ್ನ ಮೇಲಿನ ಬೆತ್ತದ ಲೆಕ್ಕ ಮಾತ್ರ ನಮ್ಮ ಖಾತೆಯಲ್ಲಿ ಹಾಗೆಯೇ ಉಳಿದಿದೆ.

ಈ ರಾತ್ರಿ ಮನೆಗೆ ಹೋದಾಗ ಚಿಲಕ ತೆಗೆಯುವ ಸದ್ದನ್ನು ಒಂದು ಕ್ಷಣ ಕೇಳಿ. ಒಳಗಿರುವ ಹಿರಿಯರಿಗೆ ಅದು ಕೇಳಿಸಿತೇ ಎಂದೂ ನೋಡಿ.